ಊರಿಗೆ ಹೊರಡುವಾಗ ದುಡ್ಡು ಎಲ್ಲಿರಬೇಕು?

ಮತ್ಸ್ಯಗಂಧ ಠಾಣೆಯಲ್ಲಿ ನಿಲ್ಲುವುದು ಕೆಲವೇ ನಿಮಿಷ. ಅಷ್ಟರೊಳಗೆ ನಾಲ್ಕು ಬ್ಯಾಗು, ಇಬ್ಬರು ಮಕ್ಕಳು, ಮಂಡಿನೋವಿನ ಅತ್ತೆ, ತಿಂಡಿಯ ಡಬ್ಬಿ ಎಲ್ಲವೂ ಒಳಗೆ ಸೇರಬೇಕು. ಪನ್ವೇಲಿನಲ್ಲಿ ಹತ್ತುವ ನವಿ ಮುಂಬಯಿಯವರದ್ದೂ ಇದೇ ಪಾಡು. ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯುವ ಕಲಬುರಗಿ ಕಡೆಯವರದ್ದೂ ಇದೇ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಸೂಟ್‌ಕೇಸು, ಮೊಬೈಲು ಅಂಗಿಯ ಮೇಲಿನ ಜೇಬಿನಲ್ಲಿ. ಜೇಬುಗಳ್ಳನಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ?

ಹಿಂದೆಲ್ಲ ಜೇಬು ಹೋದರೆ ಜೇಬಿನಲ್ಲಿದ್ದಷ್ಟೇ ಹೋಗುತ್ತಿತ್ತು. ಈಗ ಮೊಬೈಲು ಹೋದರೆ ಯುಪಿಐ, ಬ್ಯಾಂಕಿನ ಆ್ಯಪ್, ಒಟಿಪಿ ಬರುವ ಸಿಮ್, ಟಿಕೆಟ್, ಆಧಾರ್‌ನ ಫೋಟೋ, ಊರಿನವರ ಫೋನ್ ನಂಬರು ಎಲ್ಲ ಒಟ್ಟಿಗೆ ಹೋಗುತ್ತವೆ. ನಮ್ಮಲ್ಲಿ ಎಷ್ಟು ಜನರಿಗೆ ಹೆಂಡತಿಯ ಅಥವಾ ಗಂಡನ ಮೊಬೈಲ್ ನಂಬರು ಬಾಯಿಪಾಠ ಬರುತ್ತದೆ, ಹೇಳಿ ನೋಡೋಣ.

ಕಳ್ಳನಿಗೆ ನಿಮ್ಮ ಫೋನಿನ ಲಾಕ್ ತೆಗೆಯುವ ಕಷ್ಟವೇ ಬೇಡ. ಸಿಮ್ ತೆಗೆದು ತನ್ನ ಫೋನಿಗೆ ಹಾಕಿಕೊಂಡರೆ ನಿಮ್ಮ ಒಟಿಪಿಗಳು ಅವನಿಗೆ ಬರುತ್ತವೆ. ಇದಕ್ಕೆ ಮದ್ದು ಸಿಮ್ ಲಾಕ್. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್‌ಗೆ ಒಂದು ಪಿನ್ ಇಟ್ಟರೆ, ಸಿಮ್ ಬೇರೆ ಫೋನಿಗೆ ಹೋದಾಗ ಅದು ಆ ಪಿನ್ ಕೇಳುತ್ತದೆ. ಮೂರು ಸಲ ತಪ್ಪಿದರೆ ಮುಚ್ಚಿಕೊಳ್ಳುತ್ತದೆ. ಮೊದಲಿಗೆ ಕಂಪನಿ ಕೊಟ್ಟ ಪಿನ್ ಯಾವುದೆಂದು ಕೇಳಿಕೊಂಡೇ ಕೈ ಹಾಕಿ, ಊಹಿಸಿ ಒತ್ತಬೇಡಿ. ಐದು ನಿಮಿಷದ ಕೆಲಸ. ನಾನು ಕೇಳಿದ ಹತ್ತು ಮಂದಿಯಲ್ಲಿ ಒಬ್ಬರೂ ಮಾಡಿರಲಿಲ್ಲ.

ಇನ್ನೊಂದು ತೊಡಕಿದೆ. ಊರು ಮುಟ್ಟಿದ ಮೇಲೆ ಅಂಗಡಿಗೆ ಹೋಗಿ ಅದೇ ನಂಬರಿನ ಹೊಸ ಸಿಮ್ ತೆಗೆದುಕೊಂಡಿರಿ ಎನ್ನಿ. ಸಿಮ್ ಮೋಸ ತಡೆಯಲೆಂದು ದೂರಸಂಪರ್ಕ ಇಲಾಖೆ 2022ರಲ್ಲಿ ತಂದ ನಿಯಮದಂತೆ, ಬದಲಿ ಸಿಮ್‌ಗೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಎಸ್ಸೆಮ್ಮೆಸ್ ಇಲ್ಲವೆಂದರೆ ಒಟಿಪಿ ಇಲ್ಲ. ಅದಾದ ಮೇಲೆ ಹೊಸ ಫೋನಿನಲ್ಲಿ ಯುಪಿಐ ಶುರು ಮಾಡಿದರೂ ಮೊದಲ ದಿನ ಕಳಿಸಬಹುದಾದ ಮೊತ್ತಕ್ಕೆ ಕಡಿವಾಣ. ನಿಯಮ ಒಳ್ಳೆಯದೇ, ಆದರೆ ಖಾತೆಯಲ್ಲಿ ಲಕ್ಷವಿದ್ದರೂ ಎರಡು ದಿನ ನೀವು ಭಾವನ ಹತ್ತಿರ ಕೈಯೊಡ್ಡಬೇಕು. ಹಾಗಾಗಿ ಗಂಡನ ಫೋನಿನಲ್ಲಿ ಒಂದು ಬ್ಯಾಂಕು, ಹೆಂಡತಿಯ ಫೋನಿನಲ್ಲಿ ಇನ್ನೊಂದು ಬ್ಯಾಂಕು ಇರಲಿ. ಎಟಿಎಂ ಕಾರ್ಡುಗಳೂ ಎರಡು ಬೇರೆ ಬೇರೆ ಚೀಲಗಳಲ್ಲಿರಲಿ.

ಎರಡು ಬ್ಯಾಂಕು ಯಾಕೆ ಎನ್ನುವವರು 2019ರ ಸೆಪ್ಟೆಂಬರ್ ನೆನಪಿಸಿಕೊಳ್ಳಬೇಕು. 29ಕ್ಕೆ ನವರಾತ್ರಿ. ಊರಿಗೆ ಹೊರಡುವವರ ಗಂಟುಮೂಟೆ ಸಿದ್ಧವಾಗುತ್ತಿತ್ತು. 23ರಂದು ರಿಸರ್ವ್ ಬ್ಯಾಂಕು ಪಿಎಂಸಿ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಮೊದಲು ತೆಗೆಯಲು ಬಿಟ್ಟದ್ದು ಖಾತೆಗೆ ಬರೇ 1,000 ರೂಪಾಯಿ. 2025ರ ಫೆಬ್ರವರಿ 13ರಂದು ನ್ಯೂ ಇಂಡಿಯಾ ಸಹಕಾರಿ ಬ್ಯಾಂಕಿಗೂ ಅದೇ ಗತಿಯಾಯಿತು. ಎರಡು ವಾರ ಒಂದು ಪೈಸೆಯೂ ತೆಗೆಯುವಂತಿರಲಿಲ್ಲ, ಆಮೇಲೆ 25,000ದವರೆಗೆ ಬಿಟ್ಟರು. ನಮ್ಮವರಿಗೆ ಸಹಕಾರಿ ಬ್ಯಾಂಕುಗಳ ಮೇಲೆ ಮಮತೆ ಹೆಚ್ಚು, ಕೌಂಟರಿನಲ್ಲಿ ನಮ್ಮ ಭಾಷೆ ಮಾತಾಡುವವರು ಸಿಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಠೇವಣಿಗೆ 5 ಲಕ್ಷದವರೆಗೆ ವಿಮೆಯೂ ಇದೆ. ಆದರೆ ವಿಮೆಯ ಹಣ ಬರಲು ತಿಂಗಳುಗಳು ಬೇಕು, ರೈಲು ಇವತ್ತೇ ಹೊರಡುತ್ತದೆ.

ನಗದು ಸ್ವಲ್ಪ ಇರಲೇಬೇಕು. 2019ರ ಜುಲೈ 26ರ ರಾತ್ರಿ ಮುಂಬಯಿ ಬಿಟ್ಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನಮ್ಮ ಕಲ್ಯಾಣ ದಾಟಿ ಬದ್ಲಾಪುರ–ವಾಂಗಣಿ ನಡುವೆ ಉಲ್ಹಾಸ್ ನದಿಯ ನೆರೆಯಲ್ಲಿ ಸಿಕ್ಕಿಬಿತ್ತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಮಾರನೆಯ ದಿನ ದೋಣಿಗಳಲ್ಲಿ ಹೊರತರಬೇಕಾಯಿತು. 2024ರ ಜುಲೈಯಲ್ಲಿ ಖೇಡ್ ಬಳಿ ಗುಡ್ಡ ಜರಿದು ಕೊಂಕಣ ರೈಲು ಒಂದು ದಿನ ನಿಂತದ್ದು ಹಲವರಿಗೆ ನೆನಪಿದೆ. ಅಂಥ ಹೊತ್ತಿನಲ್ಲಿ ಬ್ಯಾಟರಿ ಸತ್ತ ಫೋನಿನಿಂದ ಚಹಾ ಕೊಳ್ಳಲಾಗದು. ಬ್ಯಾಟರಿ ಇದ್ದರೂ ಕೊಂಕಣದ ಸುರಂಗಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಕರಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್. ನಾಲ್ಕೈದು ಸಾವಿರ ರೂಪಾಯಿ, ಅದರಲ್ಲಿ ನೂರು, ಐವತ್ತರ ನೋಟುಗಳೂ ಇರುವಂತೆ, ಎರಡು ಕಡೆ ಹಂಚಿಟ್ಟುಕೊಳ್ಳಿ.

ಹಾಗೆಂದು ಊರಿನ ಮನೆ ರಿಪೇರಿಗೆಂದು ಲಕ್ಷಗಟ್ಟಲೆ ಸೊಂಟಕ್ಕೆ ಕಟ್ಟಿಕೊಂಡು ಹೋಗಬೇಡಿ. ಒಬ್ಬ ವ್ಯಾಪಾರಿ ರೈಲಿನಲ್ಲಿ ಹಾಗೇ ಸೊಂಟದ ಪಟ್ಟಿಯಲ್ಲಿ 1 ಲಕ್ಷ ರೂಪಾಯಿ ಇಟ್ಟುಕೊಂಡು ಹೊರಟಿದ್ದರು, ಕಳ್ಳತನವಾಯಿತು. ಗ್ರಾಹಕ ನ್ಯಾಯಾಲಯಗಳು ರೈಲ್ವೆಯೇ ಕೊಡಬೇಕೆಂದವು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ತನ್ನ ವಸ್ತುವನ್ನು ಪ್ರಯಾಣಿಕನೇ ಕಾಯ್ದುಕೊಳ್ಳದಿದ್ದರೆ ರೈಲ್ವೆ ಹೊಣೆಯಲ್ಲ ಎಂಬುದು ತೀರ್ಪಿನ ಸಾರ. ಮದುವೆಗೆ ಒಯ್ಯುವ ಒಡವೆಗೂ ಇದೇ ಮಾತು ಎಂದು ತಿಳಿಯಿರಿ. ಚುನಾವಣೆಯ ಕಾಲದಲ್ಲಂತೂ 50,000ಕ್ಕಿಂತ ಹೆಚ್ಚು ನಗದಿಗೆ ಕಾಗದಪತ್ರ ಇಲ್ಲದಿದ್ದರೆ ತಪಾಸಣೆಯಲ್ಲಿ ಅದು ಜಪ್ತಿಯಾಗಬಹುದು. ರಾತ್ರಿ ಬಸ್ಸಿನವರು ಗಮನಿಸಿ.

ಕಾರ್ಡಿನ ವಿಷಯ ಚುಟುಕಾಗಿ ಹೇಳುತ್ತೇನೆ. 2020ರ ಅಕ್ಟೋಬರ್‌ನಿಂದ ಆನ್‌ಲೈನ್, ಹೊರದೇಶ, ಪಿನ್ ಇಲ್ಲದೆ ತಾಗಿಸಿ ಕೊಡುವ ಬಳಕೆ, ಇವುಗಳನ್ನು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ ಸೌಲಭ್ಯವನ್ನು ಬ್ಯಾಂಕುಗಳು ಕೊಡಲೇಬೇಕು. ಹೊರಡುವ ಹಿಂದಿನ ದಿನ ಬೇಡದ್ದನ್ನು ಮುಚ್ಚಿ, ಎಟಿಎಂ ಮಿತಿ ಇಳಿಸಿ.

ಕಳೆದುಹೋದದ್ದು ಗೊತ್ತಾದ ಕೂಡಲೇ ಮೊದಲು ಸಿಮ್ ಬಂದ್ ಮಾಡಿಸಿ, ಆಮೇಲೆ ಬ್ಯಾಂಕಿಗೆ ತಿಳಿಸಿ. ಬ್ಯಾಂಕಿನ ನಂಬರು ಕಾರ್ಡಿನ ಹಿಂದೆಯೇ ಇದೆಯಲ್ಲ ಎನ್ನುತ್ತೀರಿ. ಕಾರ್ಡೂ ಹೋಗಿದ್ದರೆ? ಒಂದು ಚೀಟಿಯಲ್ಲಿ ಬರೆದು ಅತ್ತೆಯವರ ಕೈಚೀಲದಲ್ಲಿಡಿ. ಗೂಗಲ್‌ನಲ್ಲಿ ಹುಡುಕಲು ಹೋಗಬೇಡಿ, ಬ್ಯಾಂಕಿನ ಹೆಸರಿನಲ್ಲಿ ಕಳ್ಳರ ನಂಬರುಗಳೂ ಅಲ್ಲಿವೆ. ಹಣ ಹೋಗಿದ್ದರೆ 1930, ರೈಲಿನಲ್ಲಿ ಕಳವಾದರೆ 139. ದೂರು ಕೊಡಲು ನಡುದಾರಿಯಲ್ಲಿ ಇಳಿಯಬೇಕಾಗಿಲ್ಲ. ಟಿಟಿಇ ಹತ್ತಿರ ಎಫ್‌ಐಆರ್ ನಮೂನೆ ಇರುತ್ತದೆ, ತುಂಬಿ ಕೊಟ್ಟರೆ ಪೊಲೀಸರಿಗೆ ಮುಟ್ಟುತ್ತದೆ. ಆಮೇಲೆ ಸಂಚಾರ್ ಸಾಥಿ ತಾಣದಲ್ಲಿ ಫೋನನ್ನೇ ಬಂದ್ ಮಾಡಿಸಬಹುದು. ಅದಕ್ಕೆ ಐಎಂಇಐ ಸಂಖ್ಯೆ ಬೇಕು. ಈಗಲೇ *#06# ಒತ್ತಿ, ಬಂದ ಸಂಖ್ಯೆಯನ್ನು ಅದೇ ಚೀಟಿಯಲ್ಲಿ ಬರೆದುಕೊಳ್ಳಿ.

ಕೊನೆಗೆ, ಜಾಗದ ಪಾಲು, ದಾನಪತ್ರ ಎಂದು ಊರಿನ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುವವರಿಗೆ. 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಒಟಿಪಿ ಇಲ್ಲದೆ, ಕಾರ್ಡಿಲ್ಲದೆ ಹಣ ಹೋಯಿತು. ದಸ್ತಾವೇಜುಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತನ್ನು ಎತ್ತಿ, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯನ್ನು ಬಳಸಿಕೊಂಡಿದ್ದರು. ಪೊಲೀಸರು ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು. ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಎಂಬುದಿದೆ. ಅದನ್ನು ಹಾಕಿಯೇ ಇಡಿ. ಕಚೇರಿಯಲ್ಲಿ ಬೆರಳು ಒತ್ತಬೇಕಾದಾಗ ತಾತ್ಕಾಲಿಕವಾಗಿ ತೆಗೆದರಾಯಿತು. ಹಳ್ಳಿಯಲ್ಲಿ ಸಿಗ್ನಲ್ ಇಲ್ಲವೆಂದು ಹದಿನೈದು ದಿನ ಮೆಸೇಜು ನೋಡದೆಯೂ ಇರಬೇಡಿ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಪೂರ್ತಿ ಹಣ ಮರಳಬೇಕೆಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. ನಾಲ್ಕನೆಯ ದಿನದಿಂದ ನಷ್ಟದಲ್ಲಿ ನಿಮ್ಮ ಪಾಲು ಶುರು. ವಾರ ದಾಟಿದರೆ ಎಲ್ಲವೂ ಬ್ಯಾಂಕು ತಾನೇ ಮಾಡಿಕೊಂಡ ನೀತಿಯಂತೆ.