ಎರಡು ನಾಣ್ಯಗಳ ಲೆಕ್ಕ

ಕೆಲವು ದಿನಗಳ ಹಿಂದೆ ಕ್ರೈಸ್ತ ಮಿತ್ರರೊಬ್ಬರು ಒಂದು ವಿಜ್ಞಾಪನಾಪತ್ರವನ್ನು ತಂದು, ಅದರ ಕನ್ನಡವನ್ನು ತಿದ್ದಿಕೊಡಬೇಕೆಂದು ಕೇಳಿದರು. ತಮ್ಮ ಇಗರ್ಜಿಗೆ ಹೊಸ ಮುಖಮಂಟಪವನ್ನು ಕಟ್ಟಿಸಲು ಧನಸಹಾಯ ಕೋರುವ ಪತ್ರ ಅದು. ನಾನು ಕಾಗುಣಿತವನ್ನು ತಿದ್ದಿದೆ. ಒಂದೆರಡು ಕಡೆ ವಾಕ್ಯಗಳನ್ನು ಸರಿಪಡಿಸಿದೆ. ಹೊರಡುವಾಗ ಅವರು ಮಾತಿನ ನಡುವೆ ಹೇಳಿದರು: ಅದೇ ಇಗರ್ಜಿಯ ಮುದಿ ಕಾವಲುಗಾರ ಚಿಕಿತ್ಸೆಗಾಗಿ ಸಲ್ಲಿಸಿದ ಅರ್ಜಿಯನ್ನು ಮುಂದಿನ ಸಭೆಗೆ ಮುಂದೂಡಲಾಗಿದೆಯಂತೆ. ನಾನು ಏನೂ ಹೇಳಲಿಲ್ಲ. ಆ ಮೌನವೇ ಈ ಬರಹಕ್ಕೆ ಕಾರಣ.

ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಬರುವ ಸಮಾರ್ಯದವನ ಕಥೆಯನ್ನು ಅರಿಯದವರು ವಿರಳ. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಕಂಡು ಯಾಜಕನೂ ಲೇವಿಯನೂ ಬದಿಗೆ ಸರಿದು ಹೋಗುತ್ತಾರೆ. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು ನಿಲ್ಲುತ್ತಾನೆ. ನಾವು ಅವನ ಕನಿಕರವನ್ನು ಹೊಗಳುತ್ತೇವೆ. ಅವನ ವೆಚ್ಚವನ್ನು ಗಮನಿಸುವುದಿಲ್ಲ. ಗಾಯಕ್ಕೆ ಸುರಿದ ಎಣ್ಣೆ, ದ್ರಾಕ್ಷಾರಸ ಅವನವು. ಛತ್ರದವನಿಗೆ ಕೊಟ್ಟ ಎರಡು ನಾಣ್ಯಗಳೂ, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುವೆನೆಂಬ ಹೊಣೆಯೂ ಅವನವೇ. ಪ್ರೀತಿ ಇಲ್ಲಿ ಬರಿಯ ಭಾವವಾಗಿ ಉಳಿಯದೆ ಲೆಕ್ಕದ ಪುಸ್ತಕಕ್ಕೆ ಇಳಿದಿದೆ.

ಇಂತಹ ಲೆಕ್ಕವನ್ನು ಬರೆದವರು ನಮ್ಮ ಮಂಗಳೂರಿನಲ್ಲಿಯೂ ಇದ್ದರು. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು, ಮತಾಂತರದಿಂದ ಕುಲವನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಉಪದೇಶವೊಂದೇ ಸಾಲದೆಂದು ಕಂಡುಕೊಂಡು, ಮುದ್ರಣಾಲಯವನ್ನೂ ನೇಯ್ಗೆಯ ಕಾರ್ಖಾನೆಯನ್ನೂ ತೆರೆದರು. 1865ರಲ್ಲಿ ಪ್ಲೆಬ್ಸ್ಟ್ ಅವರು ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಇದು ಶುದ್ಧ ದಾನವಾಗಿರಲಿಲ್ಲ. ಇದರಲ್ಲಿ ಲಾಭವಿತ್ತು, ಮಿಶನ್ನಿನ ಕಟ್ಟುಪಾಡಿತ್ತು, ತಮ್ಮವರ ಕಾಳಜಿಯೇ ಮೊದಲಾಗಿತ್ತು. ಆದರೂ ಸಂಸ್ಥೆಯ ಹಣ ಕೂಲಿಯಾಗಿ, ಅನ್ನವಾಗಿ ಮನೆ ಸೇರಿತು. ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದ ಅವರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿದರು. ಊರೇ ಹೊರಗಿಟ್ಟವರು ಅಲ್ಲಿ ನೆರೆಯವರಾದರು.

ಹಾಗಾದರೆ ಸುಂದರವಾದ ದೇವಮಂದಿರ ಬೇಡವೆ? ಬೇಕು. ತನ್ನ ಗುಡಿಸಲಿನಲ್ಲಿ ಕಾಣದ ಎತ್ತರವೂ ಬೆಳಕೂ ಬಡವನಿಗೆ ದೊರೆಯುವುದು ಅಲ್ಲಿಯೇ. ಪ್ರಶ್ನೆಯಿರುವುದು ಯಾವುದು ಮೊದಲು ಎಂಬುದರಲ್ಲಿ. 4ನೆಯ ಶತಮಾನದಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ಸೆರೆಸಿಕ್ಕವರನ್ನು ಬಿಡಿಸಲು ಪೂಜೆಯ ಪಾತ್ರೆಗಳನ್ನೇ ಕರಗಿಸಿದರು. ನಿಂದೆ ಬಂದಾಗ ತಮ್ಮ ಕಾರ್ಯವನ್ನು ಬಹಿರಂಗವಾಗಿ ಸಮರ್ಥಿಸಿಕೊಂಡರು. ಇದು ಕ್ರೈಸ್ತರಿಗೆ ಮಾತ್ರ ಸಲ್ಲುವ ಮಾತಲ್ಲ. ಹುಂಡಿಯಿರುವ ಎಲ್ಲ ದೇವಾಲಯಗಳಿಗೂ, ಕಾಣಿಕೆ ಪಡೆಯುವ ಎಲ್ಲ ಮಠಗಳಿಗೂ ಸಲ್ಲುತ್ತದೆ.

ಕನ್ನಡದಲ್ಲಿ ನೆರೆಯೆಂದರೆ ಪಕ್ಕದ ಮನೆ; ಉಕ್ಕಿಬರುವ ಹೊಳೆಯೂ ನೆರೆಯೇ. ಹೊಳೆಯ ನೆರೆ ಅಂಗಳಕ್ಕೆ ಬಂದಾಗ ನೆರೆಯವನಾರೆಂದು ಯಾರೂ ವಿಚಾರಿಸುವುದಿಲ್ಲ. ಸಿಕ್ಕಿದ ಕೈಯನ್ನು ಹಿಡಿದೆಳೆಯುತ್ತಾರೆ. ನೀರಿಳಿದ ಮೇಲೆ ಸಮಿತಿಗಳೂ ಮುಂದೂಡಿಕೆಗಳೂ ಹುಟ್ಟುತ್ತವೆ. ರೋಗಿಯ ಪಾಲಿಗಾದರೋ ನೀರು ಇನ್ನೂ ಇಳಿದಿರುವುದಿಲ್ಲ.

ನಿನ್ನೆ ಆ ಮಿತ್ರರ ಮನೆಗೆ ಹೋಗಿ, ಮುಂದಿನ ಸಭೆಯಲ್ಲಿ ಮುಖಮಂಟಪಕ್ಕಿಂತ ಮೊದಲು ಕಾವಲುಗಾರನ ಅರ್ಜಿಯನ್ನು ಎತ್ತಿಕೊಳ್ಳಬೇಕೆಂದು ಕೇಳಿಕೊಂಡೆ. ನನ್ನ ಕೈಲಾದ ಅಲ್ಪ ಹಣವನ್ನೂ ಅದಕ್ಕೆಂದೇ ಕೊಟ್ಟೆ. ಕಾಗುಣಿತ ತಿದ್ದಿದ ದಿನವೇ ಮಾಡಬೇಕಾಗಿದ್ದ ಕೆಲಸವದು.