ಕವಲೇದುರ್ಗದ ಅತಿಥಿಗಳು

ರಾಜಸ್ಥಾನದ ನೀಮ್ರಾಣಾದಲ್ಲಿ ಹದಿನೈದನೆಯ ಶತಮಾನದ ಕೋಟೆಯೊಂದು ಈಗ ಹೋಟೆಲಾಗಿದೆ. ಹಣ ತೆತ್ತವರು ಅರಸರ ಕೋಣೆಗಳಲ್ಲಿ ಮಲಗಿ, ಬೆಳಗಾದರೆ ಕೋಟೆಯ ಬಿಸಿಲುಮಚ್ಚಿನಲ್ಲಿ ಕುಳಿತು ಕಾಫಿ ಕುಡಿಯಬಹುದು. ನಮ್ಮ ಮೈಸೂರಿನಲ್ಲಿಯೂ, ವೈಸರಾಯರ ಬಿಡಾರಕ್ಕೆಂದು 1921ರಲ್ಲಿ ಅಡಿಗಲ್ಲಿಟ್ಟು ಕಟ್ಟಿಸಿದ ಲಲಿತಮಹಲು 1974ರಲ್ಲಿ ಹೋಟೆಲಾಯಿತು. ಅರಸರು ಹೋದರು, ಆತಿಥ್ಯಕ್ಕೆ ದರಪಟ್ಟಿ ಬಂದಿತು.

ನೀಮ್ರಾಣಾದಲ್ಲಿ ಎರಡು ರಾತ್ರಿ ಕಳೆದು ಬಂದಿದ್ದ ಬೆಂಗಳೂರಿನ ಸಂಸಾರವೊಂದು, ಮರುವರ್ಷ ರಜೆಯಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಬಂದಿತು. ಗದ್ದೆಯ ಅಂಚಿನಲ್ಲಿ ನಡೆದು, ಕಲ್ಲುಹಾಸಿನ ದಾರಿ ಹಿಡಿದು, ಒಂದರ ಹಿಂದೊಂದು ಹೆಬ್ಬಾಗಿಲನ್ನು ದಾಟಿ ಮೇಲೇರಿದಾಗ ಹತ್ತು ವರ್ಷದ ಹುಡುಗ ಕೇಳಿದ:

“ತಾತಾ, ಇಲ್ಲಿ ನಮ್ಮ ರೂಮು ಯಾವುದು?”

ತಾತ ಅರಮನೆಯ ನೆಲೆಗಟ್ಟನ್ನು ತೋರಿಸಿದರು. ಕಲ್ಲಿನ ಒಲೆಯಿದೆ, ನುಣುಪಾದ ಕಲ್ಲಿನ ಜಗಲಿಯಿದೆ, ಬಚ್ಚಲಿನ ಗುರುತಿದೆ, ನೀರು ಹರಿಯುವ ವ್ಯವಸ್ಥೆಯೂ ಇದೆ. ಹೋಟೆಲಿಗೆ ಬೇಕಾದುದೆಲ್ಲ ಉಂಟು, ಸೂರೊಂದನ್ನು ಬಿಟ್ಟು!

ಕೆಳದಿಯ ನಾಯಕರ ನಾಡಿನಲ್ಲಿ ಇದೇ ಕಥೆ. ಸಾಗರದ ಬಳಿಯ ಇಕ್ಕೇರಿಯನ್ನು ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಕಣ್ಣಾರೆ ಕಂಡನು. ಅಂದಿನ ರಾಜಧಾನಿಯ ಅರಮನೆ ಇಂದಿಲ್ಲ; ಕಲ್ಲಿನ ಅಘೋರೇಶ್ವರ ದೇಗುಲ ನಿಂತಿದೆ. ಹೊಸನಗರ ತಾಲ್ಲೂಕಿನ ನಗರ, ಅಂದಿನ ಬಿದನೂರು, ನಾಯಕರ ಕಡೆಯ ರಾಜಧಾನಿ. 1763ರಲ್ಲಿ ಹೈದರಾಲಿಯ ವಶವಾದ ಮೇಲೆ ಹೈದರನಗರವೆನಿಸಿತು. ಅಲ್ಲಿಯ ಕೋಟೆಯೊಳಗೂ ಅರಮನೆಯ ಬುನಾದಿಯೇ ಉಳಿದಿದೆ. ಮಲೆನಾಡಿನ ಮಳೆ ಕಲ್ಲಿಗೆ ತಾಳಿಕೊಂಡಿದೆ; ಮಣ್ಣು ಮರಗಳನ್ನು ಉಳಿಸಿಲ್ಲ.

“ಹಾಗಾದರೆ ಇಲ್ಲಿ ಯಾರೂ ಉಳಿದುಕೊಳ್ಳಲೇ ಇಲ್ಲವೇ?” ಹುಡುಗನಿಗೆ ನಿರಾಶೆ.

“ಈ ನಾಡಿಗೆ ಒಬ್ಬ ಅತಿಥಿ ಬಂದಿದ್ದ, ಮಗು.”

1689ರಲ್ಲಿ ಔರಂಗಜೇಬನು ಸಂಭಾಜಿಯನ್ನು ಕೊಲ್ಲಿಸಿದನು. ತಮ್ಮ ರಾಜಾರಾಮನು ಮೊಗಲರ ಕಣ್ಣು ತಪ್ಪಿಸಿ, ವೇಷ ಮರೆಸಿಕೊಂಡು ಜಿಂಜಿಯತ್ತ ಹೊರಟನು. ದಾರಿಯಲ್ಲಿ ಬಿದನೂರು. ಅಲ್ಲಿ ಆಳುತ್ತಿದ್ದವಳು ಸೋಮಶೇಖರ ನಾಯಕನ ವಿಧವೆ ಚೆನ್ನಮ್ಮ. ಆಶ್ರಯ ಕೊಟ್ಟರೆ ಬಾದಶಹನ ಸೈನ್ಯ ಬರುವುದೆಂದು ಆಕೆ ಅರಿಯದವಳಲ್ಲ. ಆದರೂ ಕೊಟ್ಟಳು, ಮುಂದೆ ಸಾಗಲು ನೆರವಾದಳು. ಸೈನ್ಯ ಬಂದೇ ಬಂದಿತು. ಕಾಳಗ ನಡೆಯಿತು, ಕಡೆಗೆ ಸಂಧಾನವಾಯಿತು. ಅತಿಥಿ ಮಾತ್ರ ಜಿಂಜಿ ಸೇರಿದ್ದನು.

“ಆ ಬಿಲ್ಲನ್ನು ತೆತ್ತವರು ಯಾರು?” ಎಂದರು ತಾತ. “ಅತಿಥಿಯಲ್ಲ, ಮನೆಯವರು!”

ಹಳೆಯ ಕೋಟೆಗಳನ್ನು ಹೋಟೆಲು ಮಾಡುವುದು ತಪ್ಪೆಂದು ಯಾರೂ ಹೇಳಲಾರರು. ಸೂರು ಉಳಿದಿದ್ದಲ್ಲಿ ಜನವಾಸವೇ ಅದನ್ನು ಕಾಯುತ್ತದೆ. ಆದರೆ ಕವಲೇದುರ್ಗದ ಬುನಾದಿಯ ಮೇಲೆ ಹೊಸ ಕೊಠಡಿಗಳನ್ನು ಎಬ್ಬಿಸಿದರೆ ಉಳಿಯುವುದು ಹೋಟೆಲು, ಕೋಟೆಯಲ್ಲ. ಇಲ್ಲಿ ಬರುವವನಿಗೆ ಹಾಸಿಗೆ ಬೇಕಿಲ್ಲ; ಇದು ಯಾರ ಮನೆ ಎಂಬ ಅರಿವು ಬೇಕು.

ಹುಡುಗನ ಕೈಯಲ್ಲಿ ಚೂಪಾದ ಕಲ್ಲಿನ ಚೂರೊಂದಿತ್ತು. ಬಾಗಿಲ ಪಕ್ಕದ ಗೋಡೆಯಲ್ಲಿ ಹಿಂದೆ ಬಂದವರು ಕೆತ್ತಿದ್ದ ಹೆಸರುಗಳ ನಡುವೆ ಅವನು ಒಂದಿಷ್ಟು ಜಾಗವನ್ನು ಆಗಲೇ ನೋಡಿಟ್ಟಿದ್ದ. ತಾತ ಏನೂ ಹೇಳಲಿಲ್ಲ.

ಇಳಿಯುವಾಗ ಅವನ ಕೈ ಬರಿದಾಗಿತ್ತು. ಗೋಡೆಯಲ್ಲಿ ಹೊಸ ಹೆಸರಿರಲಿಲ್ಲ.