ಯುದ್ಧದ ಆಟದಲ್ಲಿ ಗೃಹಸ್ಥನ ಪಾಡು

ಮಕ್ಕಳ ಆಟಪಾಟಗಳ ವಿಷಯ ಬಂದಾಗಲೆಲ್ಲ ಹಿರಿಯರಾದ ನಾವು ಎರಡೇ ಮಾತುಗಳಲ್ಲಿ ತೀರ್ಪು ಕೊಟ್ಟುಬಿಡುತ್ತೇವೆ: ಬಯಲಿನ ಆಟ ಒಳ್ಳೆಯದು, ಪರದೆಯ ಮೇಲಿನ ಆಟ ಕೆಟ್ಟದ್ದು. ವಿಡಿಯೋ ಗೇಮುಗಳಲ್ಲಿ ಬಂದೂಕಿನ ದರ್ಬಾರು ಬಹಳವಾಗಿರುವಾಗ ಈ ಆತಂಕ ಅಕಾರಣವೆಂದು ಹೇಳಲಾಗದು. ಆದರೆ ಆಟವೆಂಬುದು ಒಂದು ಪಾತ್ರೆ. ಅದರಲ್ಲಿ ಏನನ್ನು ತುಂಬಿದ್ದಾರೆಂದು ನೋಡದೆ ಪಾತ್ರೆಯನ್ನೇ ದೂರುವುದು ಸಲ್ಲದು. ಈ ಮಾತಿಗೆ ನಿದರ್ಶನವಾಗಿ ಪೋಲೆಂಡ್ ದೇಶದ ಒಂದು ಸ್ವತಂತ್ರ ಸಂಸ್ಥೆಯ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡುತ್ತಿದ್ದೇವೆ.

ಸಂಸ್ಥೆಯ ಹೆಸರು ‘11 ಬಿಟ್ ಸ್ಟುಡಿಯೋಸ್’. ನೆಲೆ ರಾಜಧಾನಿಯಾದ ವಾರ್ಸಾ ನಗರ. ಅಲ್ಲಿ 1992ರಲ್ಲಿ ‘ಮೆಟ್ರೊಪೊಲಿಸ್’ ಎಂಬ ಗೇಮ್ ತಯಾರಿಕಾ ಸಂಸ್ಥೆಯನ್ನು ಕಟ್ಟಿದವರಲ್ಲಿ ಗ್ಶೆಗೋಶ್ ಮಿಯೆಹೋವ್‌ಸ್ಕಿ ಒಬ್ಬರು. ಮುಂದೆ ಅದು ದೊಡ್ಡ ಕಂಪನಿಯೊಂದರ ಕೈಸೇರಿ, 2009ರ ಸುಮಾರಿಗೆ ಕೆಲಸ ನಿಲ್ಲಿಸಿತು. ಧೃತಿಗೆಡದೆ ಅವರೂ ಅವರ ಸಂಗಡಿಗರೂ ಸೇರಿ ಹೊಸ ಸಂಸ್ಥೆಗೆ ಅಡಿಗಲ್ಲು ಹಾಕಿದರು. 2011ರಲ್ಲಿ ಅವರ ಮೊದಲ ಆಟ ‘ಅನಾಮಲಿ’ ಹೊರಬಂದಿತು. ಆ ಬಗೆಯ ಆಟಗಳಲ್ಲಿ ಆಡುವವನು ಕೋಟೆಯೊಳಗೆ ನಿಂತು ದಾಳಿಕೋರರನ್ನು ತಡೆಯುವುದು ವಾಡಿಕೆ. ಇವರು ಅವನನ್ನು ಕೋಟೆಯ ಹೊರಗೆ, ದಾಳಿ ಮಾಡುವವರ ಕಡೆ ನಿಲ್ಲಿಸಿದರು. ಒಂದೇ ವಸ್ತುವನ್ನು ಮತ್ತೊಂದು ಬದಿಯಿಂದ ನೋಡುವ ಈ ಗುಣವೇ ಮುಂದೆ ಅವರ ಕೈಹಿಡಿಯಿತು.

ಬೋಸ್ನಿಯಾದ ಯುದ್ಧಕಾಲದಲ್ಲಿ ಮುತ್ತಿಗೆಗೆ ಸಿಕ್ಕಿದ ಪಟ್ಟಣವೊಂದರಲ್ಲಿ ಒಂದು ವರ್ಷ ಬದುಕಿ ಉಳಿದವನ ಬರಹ ಅವರ ಕೈಗೆ ಬಂದಿತು. ಅದೇ ಯುದ್ಧದಲ್ಲಿ ಸಾರಾಯೆವೋ ನಗರವು 1992ರ ಏಪ್ರಿಲಿನಿಂದ 1996ರ ಫೆಬ್ರುವರಿಯವರೆಗೆ ಮುತ್ತಿಗೆಯಲ್ಲಿ ನರಳಿತ್ತು. 1944ರ ದಂಗೆಯ ಕಾಲದಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ನಾಗರಿಕರನ್ನು ಕಳೆದುಕೊಂಡ ವಾರ್ಸಾಕ್ಕೆ ಇಂಥ ಸಂಕಟ ಅಪರಿಚಿತವಲ್ಲ. ಇವೆಲ್ಲದರ ಫಲವಾಗಿ 2014ರ ನವೆಂಬರಿನಲ್ಲಿ ‘ದಿಸ್ ವಾರ್ ಆಫ್ ಮೈನ್’, ಅಂದರೆ ‘ನನ್ನ ಈ ಯುದ್ಧ’, ಎಂಬ ಆಟ ಪ್ರಕಟವಾಯಿತು.

ಈ ಯುದ್ಧದಲ್ಲಿ ಆಡುವವನು ಸೈನಿಕನಲ್ಲ. ಮುರಿದ ಮನೆಯೊಂದರಲ್ಲಿ ಅಡಗಿರುವ ಕೆಲವು ಸಾಮಾನ್ಯ ಜನರ ಯೋಗಕ್ಷೇಮ ಅವನ ಹೊಣೆ. ಹಗಲು ಹೊರಗೆ ಕಾಲಿಟ್ಟರೆ ಗುಂಡು. ಒಳಗೇ ಒಲೆ ಕಟ್ಟಬೇಕು, ಇದ್ದುದನ್ನು ಹಂಚಿ ಉಣ್ಣಬೇಕು, ರೋಗಿಗೆ ಮದ್ದು ಹೊಂದಿಸಬೇಕು. ರಾತ್ರಿಯಾದರೆ ಒಬ್ಬರು ಪಾಳುಮನೆಗಳಲ್ಲಿ ಅನ್ನ, ಔಷಧಿ ಹುಡುಕಿಕೊಂಡು ಹೊರಡಬೇಕು. ಒಂದು ಮನೆಯಲ್ಲಿ ವೃದ್ಧ ದಂಪತಿಗಳಿದ್ದಾರೆ. ಅವರ ಆಹಾರವನ್ನು ದೋಚಿ ತರಬಹುದು. ತಡೆಯುವ ಶಕ್ತಿ ಅವರಿಗಿಲ್ಲ. ಆದರೆ ದೋಚಿ ತಂದವನ ಮನಸ್ಸು ಕುಗ್ಗುತ್ತದೆ. ಮನೆಯ ಉಳಿದವರೂ ಮಂಕಾಗುತ್ತಾರೆ. ತಂದ ಅನ್ನ ಹೊಟ್ಟೆ ತುಂಬಿಸಿದರೂ ನೆಮ್ಮದಿ ಕೊಡುವುದಿಲ್ಲ. ಗುಂಡು ಹಾರಿಸಿದಷ್ಟೂ ಅಂಕ ಹೆಚ್ಚುವ ಆಟಗಳ ನಡುವೆ, ಮಾಡಿದ ಕರ್ಮ ಮಾಡಿದವನನ್ನೇ ಹಿಂಬಾಲಿಸುವ ಆಟವೊಂದು ಹುಟ್ಟಿತು.

ಇಷ್ಟು ದುಃಖದ ಆಟವನ್ನು ಯಾರು ಕೊಳ್ಳುತ್ತಾರೆಂಬ ಅಳುಕು ಸಹಜವಾದದ್ದೇ. ಆದರೆ ತಯಾರಿಕೆಯ ವೆಚ್ಚವೆಲ್ಲ ಎರಡೇ ದಿನಗಳಲ್ಲಿ ಮರಳಿ ಬಂದಿತು. 2015ರಲ್ಲಿ, ಯುದ್ಧಪೀಡಿತ ಮಕ್ಕಳಿಗಾಗಿ ದುಡಿಯುವ ‘ವಾರ್ ಚೈಲ್ಡ್’ ಸಂಸ್ಥೆಯ ನೆರವಿಗೆಂದೇ ಆಟಕ್ಕೊಂದು ಪುರವಣಿಯನ್ನು ಹೊರತಂದರು. 2020ರಲ್ಲಿ ಪೋಲೆಂಡಿನ ಅಂದಿನ ಪ್ರಧಾನಿ ಮತೆವುಶ್ ಮೊರಾವಿಯೆತ್ಸ್ಕಿ ಸಂಸ್ಥೆಗೇ ಬಂದು, ಈ ಆಟವನ್ನು ಶಾಲೆಗಳ ಶಿಫಾರಸು ಪಟ್ಟಿಗೆ ಸೇರಿಸುವುದಾಗಿ ಸಾರಿದರು. ಅದೂ 18 ವರ್ಷ ತುಂಬಿದ ವಿದ್ಯಾರ್ಥಿಗಳಿಗೆ ಮಾತ್ರ. ಎಳೆಯರ ಕೈಗೆ ಕೊಡತಕ್ಕ ಆಟ ಇದಲ್ಲವೆಂಬುದನ್ನು ನಾವೂ ಒತ್ತಿ ಹೇಳುತ್ತೇವೆ.

2022ರ ಫೆಬ್ರುವರಿ 24ರಂದು ನೆರೆಯ ಉಕ್ರೇನಿನ ಮೇಲೆ ರಷ್ಯಾ ದಂಡೆತ್ತಿ ಹೋಯಿತು. ಪರದೆಯ ಮೇಲಿನ ಕಥೆ ಗಡಿಯಾಚೆ ನಿಜವಾಗಿ ನಿಂತಿತು. ಅಂದೇ ಸಂಸ್ಥೆಯವರು, ಮುಂದಿನ ಏಳು ದಿನಗಳಲ್ಲಿ ಈ ಆಟದಿಂದ ಬರುವ ಲಾಭವೆಲ್ಲವೂ ಉಕ್ರೇನಿನ ರೆಡ್ ಕ್ರಾಸಿಗೆ ಸಲ್ಲುವುದೆಂದು ಘೋಷಿಸಿದರು. ಆ ವಾರದಲ್ಲಿ 8 ಲಕ್ಷ ಡಾಲರಿಗೂ ಮಿಕ್ಕಿ ಹಣ ಸೇರಿತು. ನಿರಾಶ್ರಿತರ ನೋವನ್ನು ವಸ್ತುವಾಗಿಸಿ ಗಳಿಸಿದವರು ಆ ಗಳಿಕೆಯನ್ನು ಮರಳಿ ನೊಂದವರಿಗೇ ಮುಟ್ಟಿಸಿದ ಈ ಕಾರ್ಯ ಶ್ಲಾಘನೀಯ.

ಸಂಸ್ಥೆ ಇದೇ ದಾರಿಯಲ್ಲಿ ನಡೆದಿದೆ. 2018ರ ‘ಫ್ರಾಸ್ಟ್‌ಪಂಕ್’ ಆಟದಲ್ಲಿ ಹಿಮದಲ್ಲಿ ಹೂತ ಲೋಕದ ಕೊನೆಯ ನಗರವನ್ನು ಆಳುವವನ ಮುಂದೆ, ಕಲ್ಲಿದ್ದಲು ಸಾಲದಾದಾಗ ಮಕ್ಕಳನ್ನು ದುಡಿಮೆಗೆ ಹಚ್ಚುವುದೋ ಕಾಪಾಡುವುದೋ ಎಂಬ ಪ್ರಶ್ನೆ ಬರುತ್ತದೆ. ಅದರ ಎರಡನೆಯ ಭಾಗ 2024ರಲ್ಲಿ ಬಂದಿತು. ಎಲ್ಲ ಯತ್ನಗಳೂ ಕೈಗೂಡಲಿಲ್ಲ; ವರ್ಷಗಟ್ಟಲೆ ದುಡಿದ ಇನ್ನೊಂದು ಯೋಜನೆಯನ್ನು ಅದೇ ವರ್ಷದ ಕೊನೆಗೆ ಕೈಬಿಡಬೇಕಾಯಿತು.

ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮಕ್ಕಳ ಕೈಯಿಂದ ಆಟವನ್ನು ಕಸಿದುಕೊಳ್ಳುವ ಮುನ್ನ ಒಂದು ಗಳಿಗೆ ಅವರ ಪಕ್ಕದಲ್ಲಿ ಕುಳಿತು ನೋಡೋಣ. ಈ ಆಟದಲ್ಲಿ ಸೋತವನಿಗೆ ಏನಾಗುತ್ತದೆ, ಅವನ ಮನೆಯವರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳೋಣ. ಆಟ ಉತ್ತರಿಸದಿದ್ದರೆ, ಆ ಉತ್ತರವನ್ನು ಮಗುವಿನೊಡನೆ ಕೂಡಿ ಹುಡುಕುವುದು ಹಿರಿಯರಾದ ನಮ್ಮ ಕರ್ತವ್ಯ.